ಪರನಾಡು ಇಟ್ಟ ಹೆಸರು

ಕೂಲಿ ಎಂಬುದು ಕನ್ನಡದಲ್ಲಿ ಮರ್ಯಾದೆಯ ಪದ. ದುಡಿದ ಮೈಗೆ ಸಂಜೆಯ ಹೊತ್ತಿಗೆ ಸಲ್ಲಬೇಕಾದ ಪ್ರತಿಫಲಕ್ಕೆ ಕೂಲಿಯೆಂದು ಹೆಸರು. ಅರಕಲಗೂಡಿನ ಆಲೂಗಡ್ಡೆಯ ಹೊಲದಲ್ಲಾಗಲಿ ಹೊಳೆನರಸೀಪುರದ ನಾಲೆಯ ಬಯಲಿನಲ್ಲಾಗಲಿ 'ಕೂಲಿಗೆ ಹೋಗಿದ್ದೆ' ಎಂದು ಹೇಳಲು ಯಾರೂ ನಾಚುವುದಿಲ್ಲ. ನಾಚಬೇಕಾದವನು ಕೂಲಿಯನ್ನು ಕೊಡದೆ ಉಳಿಸಿಕೊಂಡವನು. ಕಾಯಕದಿಂದ ಬಂದುದೇ ಪ್ರಸಾದವೆಂದು ನಂಬಿದ ಶರಣರ ದಾರಿಯಲ್ಲಿ ನಡೆಯಬಯಸುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇದೇ ಪದ ಹಡಗು ಹತ್ತಿ ಕಡಲಾಚೆಯ ದಡದಲ್ಲಿ ಇಳಿದಾಗ ಅದಕ್ಕೆ ಏನಾಯಿತೆಂಬುದನ್ನು ಸ್ವಲ್ಪ ನೋಡಬೇಕು. (ಪದವು ಗುಜರಾತಿನ ಕೋಲಿ ಜನಾಂಗದ ಹೆಸರಿನಿಂದ ಹೊರಟಿತೆಂದು ವಾದಿಸುವ ಪಂಡಿತರೂ ಇದ್ದಾರೆ. ದಕ್ಷಿಣದ ಬಂದರುಗಳಿಂದ ಹೊರಟ ಜನರ ಮಟ್ಟಿಗಂತೂ ಅದು ತಮಿಳಿಗೂ ಕನ್ನಡಕ್ಕೂ ಸಮಾನವಾದ ಮನೆಮಾತೇ ಆಗಿತ್ತು.)

ಮದರಾಸಿನಿಂದ ಹೊರಟ 'ಟ್ರೂರೊ' ಎಂಬ ಹಡಗು ೧೮೬೦ರ ನವೆಂಬರ್ ೧೬ರಂದು ದಕ್ಷಿಣ ಆಫ್ರಿಕಾದ ಡರ್ಬನ್ ಬಂದರನ್ನು ಮುಟ್ಟಿತು. ನೇಟಾಲಿನ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಆಳುಗಳನ್ನು ತರಿಸುವ ಪದ್ಧತಿ ಅಂದು ಮೊದಲಾಯಿತು. ೧೯೧೧ರಲ್ಲಿ ಅದು ನಿಲ್ಲುವ ಹೊತ್ತಿಗೆ ಸುಮಾರು ೧,೫೨,೦೦೦ ಮಂದಿ ಭಾರತೀಯರು ಅಲ್ಲಿಗೆ ಹೋಗಿ ಇಳಿದಿದ್ದರು. ಕೂಲಿಗೆಂದು ಹೋದವರು ಕೂಲಿಗಳೆನಿಸಿಕೊಂಡರು. ಅಲ್ಲಿಯವರೆಗೆ ಮಾತು ಸರಿ. ಆದರೆ ಕರಾರು ಮುಗಿಸಿ ಸ್ವಂತಕ್ಕೆ ತರಕಾರಿ ಬೆಳೆದವನೂ ಕೂಲಿಯಾದ, ತನ್ನದೇ ಹಣದಲ್ಲಿ ಹೋಗಿ ಅಂಗಡಿಯಿಟ್ಟ ಗುಜರಾತಿನ ಸಾಹುಕಾರನೂ 'ಕೂಲಿ ವ್ಯಾಪಾರಿ'ಯಾದ, ಲಂಡನ್ನಿನಲ್ಲಿ ನ್ಯಾಯಶಾಸ್ತ್ರ ಓದಿ ೧೮೯೩ರಲ್ಲಿ ಅಲ್ಲಿಗೆ ಹೋದ ಮೋಹನದಾಸ ಗಾಂಧಿಯವರು 'ಕೂಲಿ ಬ್ಯಾರಿಸ್ಟರ್' ಆದರು. ಆ ವರ್ಷದ ಜೂನ್ ೭ರ ರಾತ್ರಿ ಪೀಟರ್‌ಮ್ಯಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ, ಕೈಯಲ್ಲಿ ಮೊದಲ ದರ್ಜೆಯ ಟಿಕೆಟ್ಟಿದ್ದರೂ ಅವರನ್ನು ಗಾಡಿಯಿಂದ ಹೊರದಬ್ಬಿದ ಸಂಗತಿಯನ್ನು ಶಾಲೆಯ ಮಕ್ಕಳೂ ಬಲ್ಲರು.

ಅದೇ ನಾಡಿನಲ್ಲಿ ನಮ್ಮವರಿಗೆ ಇನ್ನೊಂದು ಹೆಸರೂ ಇತ್ತು. ಅದನ್ನು ಹೇಳುವಾಗ ಕಾವಿಯುಟ್ಟ ನಮಗೆ ತುಸು ನಗು ಬರುತ್ತದೆ. ಆ ಹೆಸರು 'ಸಾಮಿ'. ರಾಮಸಾಮಿ, ಮುನಿಸಾಮಿ ಎಂಬ ಹೆಸರುಗಳ ಬಾಲವನ್ನು ಕತ್ತರಿಸಿಕೊಂಡು ಬಿಳಿಯರು ಭಾರತೀಯರೆಲ್ಲರಿಗೂ ಅದನ್ನು ಅಂಟಿಸಿದ್ದರು. ಸ್ವಾಮಿ ಎಂದರೆ ಒಡೆಯ. ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಒಂದು ಸ್ವಾರಸ್ಯವನ್ನು ಹೇಳುತ್ತಾರೆ: ಮಾತುಬಲ್ಲ ಕೆಲವರು, ನೀನು ನನ್ನನ್ನು ಒಡೆಯನೆಂದು ಕರೆಯುತ್ತಿರುವೆ, ನಾನು ನಿನ್ನ ಒಡೆಯನಲ್ಲವಪ್ಪಾ ಎಂದು ಮರುನುಡಿಯುತ್ತಿದ್ದರಂತೆ. ಕೇಳಿದವರಲ್ಲಿ ಕೆಲವರು ಮುಜುಗರಪಟ್ಟರೆ ಇನ್ನು ಕೆಲವರು ಸಿಟ್ಟಾಗಿ ಬೈದು, ಸಮಯ ಸಿಕ್ಕರೆ ಹೊಡೆಯಲೂ ಮುಂದಾಗುತ್ತಿದ್ದರಂತೆ. ಅರ್ಥ ತಿಳಿದ ಮೇಲೆ ಬೈದವನಿಗೇ ಅವಮಾನವಾದಂತಾಯಿತು! ಈ ಪ್ರಸಂಗವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ನಾಡಿನ ಹೆಸರೂ ಹೀಗೆ ಕೆಟ್ಟದ್ದುಂಟು. ಗೋವೆಯನ್ನು ಆಳಿದ ಪೋರ್ಚುಗೀಸರು ಅಲ್ಲಿಯ ಕೊಂಕಣಿ ಜನರನ್ನು 'ಕನಾರಿಂ' ಎಂದು ಕರೆದರು. ಅದು ಕನ್ನಡ ಎಂಬ ಪದದ ಸಂಬಂಧಿಯೇ. ಪಾದ್ರಿ ತಾಮಸ್ ಸ್ಟೀಫನ್ಸ್ ರಚಿಸಿದ, ೧೬೪೦ರಲ್ಲಿ ರಾಚೋಲಿನಲ್ಲಿ ಅಚ್ಚಾದ ಕೊಂಕಣಿಯ ವ್ಯಾಕರಣಕ್ಕೆ ಕನಾರಿಂ ಭಾಷೆಯ ವ್ಯಾಕರಣವೆಂದೇ ಹೆಸರು. ಕಾಲಕ್ರಮದಲ್ಲಿ ಅದು ಗೋವೆಯವರ ಪಾಲಿಗೆ ಹೀಯಾಳಿಕೆಯ ಮಾತಾಯಿತು. ನಾವು ಅಭಿಮಾನದಿಂದ ಎದೆತಟ್ಟಿ ಹೇಳಿಕೊಳ್ಳುವ ಹೆಸರು, ಅದಕ್ಕೆ ಸೇರದ ನೆರೆಯವರ ಕಿವಿಯಲ್ಲಿ ಮುಳ್ಳಾಯಿತು.

ಇದೆಲ್ಲ ಗ್ರಂಥಗಳಲ್ಲಿ ಓದಿದ ಮಾತು. ಕಿವಿಯಾರೆ ಕೇಳಿದ್ದೂ ಒಂದುಂಟು. ಕೆಲವು ವರ್ಷಗಳ ಹಿಂದೆ ಭಕ್ತರ ಆಹ್ವಾನದ ಮೇರೆಗೆ ಮಲೇಷ್ಯಾಕ್ಕೆ ಹೋಗಿದ್ದಾಗ ಪೆನಾಂಗ್ ದ್ವೀಪದ ಜಾರ್ಜ್ ಟೌನಿನಲ್ಲಿ ನಡೆದುಹೋಗುತ್ತಿದ್ದೆವು. ಜೊತೆಯಲ್ಲಿ ಚನ್ನರಾಯಪಟ್ಟಣದ ಕಡೆಯ ಇಂಜಿನಿಯರರೊಬ್ಬರು ಇದ್ದರು. ಅಂಗಡಿಯೊಂದರ ಮುಂದೆ ನಿಂತಿದ್ದ ಹುಡುಗರು ನಮ್ಮತ್ತ ನೋಡಿ 'ಕೆಲಿಂಗ್' ಎಂದು ತಮ್ಮೊಳಗೆ ಏನನ್ನೋ ಆಡಿಕೊಂಡು ನಕ್ಕರು. ಇಂಜಿನಿಯರರ ಮುಖ ಕೆಂಪಾಯಿತು. ಏನೆಂದು ಕೇಳಿದರೆ 'ಏನಿಲ್ಲ ಬುದ್ಧಿ' ಎಂದರು. ರಾತ್ರಿ ಪ್ರಸಾದವಾದ ಮೇಲೆ ಬಲವಂತ ಮಾಡಿ ಕೇಳಿದಾಗಷ್ಟೇ ಹೇಳಿದ್ದು: ಅದು ಭಾರತದ ಮೂಲದವರನ್ನು, ಅದರಲ್ಲೂ ದಕ್ಷಿಣದವರನ್ನು ಹೀಗಳೆಯುವ ಪದ. ಪದದ ಮೂಲ ನಮ್ಮ ಕಳಿಂಗ ದೇಶ. ಒಂದು ಕಾಲದಲ್ಲಿ ಪೂರ್ವ ಕರಾವಳಿಯಿಂದ ಹಡಗೇರಿ ಬಂದ ವರ್ತಕರಿಗೆ ಮಲಯ ಜನ ಕೊಟ್ಟ ಸಾಧಾರಣ ಹೆಸರು. ಅದೇ ಊರಿನಲ್ಲಿ ತಮಿಳು ಮುಸ್ಲಿಂ ವರ್ತಕರು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದ ಮಸೀದಿಗೆ ಕಪಿತಾನ್ ಕೆಲಿಂಗ್ ಮಸೀದಿ ಎಂದು ಇಂದಿಗೂ ಹೆಸರು. ಕಪಿತಾನ್ ಕೆಲಿಂಗ್ ಎಂದರೆ ಆ ಸಮುದಾಯದ ಯಜಮಾನ. ಒಂದೇ ಪದ ಫಲಕದ ಮೇಲೆ ಗೌರವ, ಬೀದಿಯ ಬಾಯಲ್ಲಿ ಬೈಗುಳು. ೨೦೦೩ರಲ್ಲಿ ಅಲ್ಲಿಯ ಭಾರತೀಯ ಮೂಲದವರು ಮಲಯ ಭಾಷೆಯ ಅಧಿಕೃತ ನಿಘಂಟಿನಲ್ಲಿ ಈ ಪದವಿರುವ ಬಗೆಯನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಚನ್ನರಾಯಪಟ್ಟಣದ ಮನುಷ್ಯನಿಗೂ ಕಳಿಂಗಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಯಾವ ಸಂಬಂಧವೂ ಇಲ್ಲ. ಅಂಥ ಹೆಸರುಗಳಿಗೆ ಸಂಬಂಧ ಬೇಕಾಗುವುದೂ ಇಲ್ಲ.

ಈ ವಿಷಯವನ್ನು ಇಂದು ಎತ್ತಿಕೊಳ್ಳಲು ಕಾರಣ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಪ್ರಶ್ನೆ. ಹೊಳೆನರಸೀಪುರದ ಕಡೆಯವರು, ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿ ಈಗ ಇಂಗ್ಲೆಂಡಿನಲ್ಲಿ ವೈದ್ಯರಾಗಿದ್ದಾರೆ. ಅವರ ಒಂಬತ್ತು ವರ್ಷದ ಮಗಳನ್ನು ಶಾಲೆಯಲ್ಲಿ ಯಾರೋ 'ಪಾಕಿ' ಎಂದರಂತೆ. ಮಗು ಎರಡು ಹೊತ್ತು ಊಟ ಬಿಟ್ಟಿತು. ತಂದೆ ಸಮಾಧಾನ ಮಾಡಿದರು: ನಾವು ಪಾಕಿಸ್ತಾನದವರಲ್ಲ ಮಗೂ, ಕರ್ನಾಟಕದವರು, ಅವರಿಗೆ ತಿಳಿಯದು. ಮಗು ಕೇಳಿತು: 'ಹಾಗಾದರೆ ಪಾಕಿಸ್ತಾನದವರನ್ನು ಹಾಗೆ ಕರೆಯಬಹುದೇ ಅಪ್ಪಾ?' ತಂದೆಗೆ ಉತ್ತರ ಹೊಳೆಯಲಿಲ್ಲ, ನಮ್ಮನ್ನು ಕೇಳಿದರು.

ವಾಚಕರೆ, ಮಗುವಿನ ಪ್ರಶ್ನೆ ತಂದೆಯ ಉತ್ತರಕ್ಕಿಂತ ದೊಡ್ಡದು. ಅವಮಾನವಾದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು 'ನಾವು ಅವರಲ್ಲ' ಎಂಬುದೇ. ನೇಟಾಲಿನಲ್ಲಿ ಮುಸ್ಲಿಂ ವರ್ತಕರು ಕೂಲಿ ಎಂಬ ಹೆಸರಿನಿಂದ ಪಾರಾಗಲು ತಾವು ಅರಬರೆಂದರು, ಪಾರ್ಸಿ ಗುಮಾಸ್ತರು ತಾವು ಪರ್ಷಿಯನ್ನರೆಂದರು. ಇದನ್ನೂ ಗಾಂಧಿಯವರೇ ಬರೆದಿದ್ದಾರೆ. ದೆಹಲಿಗೆ ಹೋದ ಕನ್ನಡಿಗನನ್ನು 'ಮದ್ರಾಸಿ' ಎಂದರೆ ಅವನು ಸಿಡಿದೆದ್ದು ತಾನು ಮದ್ರಾಸಿಯಲ್ಲವೆಂದು ಭೂಪಟ ಬಿಡಿಸಿ ತೋರಿಸುತ್ತಾನೆ. ಮೈಸೂರು ರಾಜ್ಯ ೧೯೭೩ರ ನವೆಂಬರ್ ೧ರಂದು ಕರ್ನಾಟಕವಾಯಿತು. ಮದ್ರಾಸಿ ಎಂಬ ಹೆಸರು ಮಾತ್ರ ಬದಲಾಗಲಿಲ್ಲ. ಹೀಗೆ ಹೇಳುವವನು ಸುಳ್ಳನ್ನು ಹೇಳುತ್ತಿಲ್ಲ. ಆದರೆ ಅವನ ಮಾತಿನ ಒಳಗಿರುವುದೇನು? ಬಾಣವನ್ನು ಬಿಟ್ಟದ್ದು ತಪ್ಪಲ್ಲ, ಗುರಿ ತಪ್ಪಿತು, ಪಕ್ಕದವನಿಗೆ ಬಿಡು ಎಂದಂತಾಯಿತು. ಕಬ್ಬಿನ ತೋಟದಲ್ಲಿ ಬೆವರು ಸುರಿಸಿದವನನ್ನು ತುಚ್ಛೀಕರಿಸಲು ಅಡ್ಡಿಯಿಲ್ಲ, ಅಂಗಡಿಯಿಟ್ಟವನನ್ನು ಬಿಡಿ ಎಂದಂತಾಯಿತು. ಆ ವೈದ್ಯರ ಮನೆಯ ಪಕ್ಕದಲ್ಲಿ ಪಾಕಿಸ್ತಾನದ ಒಂದು ಮಗು ಇದ್ದರೆ ಈ ಉತ್ತರವನ್ನು ಅದರ ಕಿವಿಯಿಂದಲೂ ಕೇಳಬೇಡವೆ?

ಎರಡನೆಯ ಉತ್ತರ ಪಂಡಿತರದು. ಪಾಕ್ ಎಂದರೆ ಪಾರಸಿಯಲ್ಲಿ ಶುದ್ಧ. ಪಾಕಿಸ್ತಾನವೆಂಬ ಹೆಸರನ್ನು ೧೯೩೩ರಲ್ಲಿ ಕೇಂಬ್ರಿಜ್‌ನಲ್ಲಿದ್ದ ರಹಮತ್ ಅಲಿ ಎಂಬುವರು ಪ್ರಾಂತಗಳ ಹೆಸರಿನ ಅಕ್ಷರಗಳನ್ನು ಕೂಡಿಸಿ ಕಟ್ಟಿದರು. ಆದ್ದರಿಂದ ಪಾಕಿ ಎಂದರೆ ಶುದ್ಧನಾದವನು, ಬೇಸರಪಡಬೇಡ ಎನ್ನಬಹುದು. ವ್ಯುತ್ಪತ್ತಿ ನಮಗೂ ಪ್ರಿಯವಾದ ಶಾಸ್ತ್ರ. ಥಾಯ್ಲೆಂಡಿನಲ್ಲಿ ಭಾರತೀಯರನ್ನು 'ಖೇಕ್' ಎನ್ನುತ್ತಾರೆ. ಆ ಪದಕ್ಕೆ ಅತಿಥಿ ಎಂದು ಅರ್ಥ. ಬಿಳಿಯರನ್ನು 'ಫರಂಗ್' ಎನ್ನುತ್ತಾರೆ. ಸೀಬೆಹಣ್ಣಿಗೂ ಅಲ್ಲಿ ಅದೇ ಹೆಸರು. ನಮ್ಮಲ್ಲಿ ಬಿಳಿಯನಿಗೂ ಪರಂಗಿ, ಹಿತ್ತಿಲ ಮರದ ಹಣ್ಣಿಗೂ ಪರಂಗಿ! ಫ್ರಾಂಕ್ ಎಂಬ ಐರೋಪ್ಯ ಜನಾಂಗದ ಹೆಸರು ಅರಬರ ಬಾಯಿ, ಪಾರಸಿಯವರ ಬಾಯಿ ಹಾಯ್ದು ಅಯುಥಯದವರೆಗೂ ಅರಕಲಗೂಡಿನವರೆಗೂ ಹೋಗಿ ಎರಡು ಕಡೆಯೂ ಮರದಲ್ಲಿ ಹಣ್ಣಾಗಿ ಕುಳಿತದ್ದು ಭಾಷೆಯ ಲೀಲೆ. ಆದರೆ ಈ ವಿದ್ಯೆಯಿಂದ ಅಳುವ ಮಗುವಿನ ಕಣ್ಣೀರು ಒರೆಸಲಾಗದು. ಪದದ ಯೋಗಾರ್ಥಕ್ಕಿಂತ ರೂಢಾರ್ಥವೇ ಬಲವತ್ತರವೆಂದು ಮೀಮಾಂಸಕರು ಎಂದೋ ತೀರ್ಮಾನಿಸಿದ್ದಾರೆ. ಸಾಮಿ ಎಂದರೆ ಒಡೆಯನೆಂದು ತಿಳಿಸಿದವನಿಗೆ ದೊರೆತದ್ದು ಏಟು. ಕೂಲಿ, ಸ್ವಾಮಿ, ಕಳಿಂಗ, ಅತಿಥಿ, ಶುದ್ಧ: ಇವುಗಳಲ್ಲಿ ಒಂದಾದರೂ ಕೆಟ್ಟ ಪದವಿದೆಯೆ? ಅವಮಾನ ಪದದ ಹೊಟ್ಟೆಯಲ್ಲಿಲ್ಲವೆಂದಾಯಿತು. ಹಾಗಾದರೆ ಅದು ಎಲ್ಲಿದೆ?

ಹೆಸರು ಕೇಳುವ ಶ್ರಮವನ್ನು ಉಳಿಸಿಕೊಳ್ಳುವುದರಲ್ಲಿದೆ ಎಂದು ನಮಗೆ ತೋರುತ್ತದೆ. ನಮ್ಮ ಹಳ್ಳಿಗಳಲ್ಲಿ ಅಡ್ಡಹೆಸರಿಲ್ಲದ ಮನುಷ್ಯನಿಲ್ಲ. ಕುಳ್ಳ, ಮೊಂಡ, ಬೀಡಿ, ಪಟೇಲ ಎಂದು ಕರೆಸಿಕೊಂಡೇ ಬಾಳಿದವರಿದ್ದಾರೆ, ಓಗೊಟ್ಟಿದ್ದಾರೆ. ಅದು ಹೆಸರು ಗೊತ್ತಿದ್ದವರು, ಅಪ್ಪನ ಹೆಸರೂ ಗೊತ್ತಿದ್ದವರು, ಗುಣಾವಗುಣ ಬಲ್ಲವರು ಇಟ್ಟ ಹೆಸರು. ಪರಿಚಯದ ಮೇಲೆ ಬಂದದ್ದು. ನಾವು ಹೇಳುತ್ತಿರುವುದು ಪರಿಚಯದ ಬಾಗಿಲಲ್ಲೇ ಅಡ್ಡ ನಿಲ್ಲುವ ಹೆಸರು. ಅದನ್ನು ಹೇಳಿದವನಿಗೆ ಇನ್ನೇನನ್ನೂ ಕೇಳುವ ಅಗತ್ಯ ಉಳಿಯುವುದಿಲ್ಲ. ಇವನು ಇಂಥವನೆಂದು ಮುಖ ನೋಡಿದ ಕ್ಷಣದಲ್ಲೇ ತೀರ್ಪಾಗಿ ಕಡತ ಮುಚ್ಚಿತು. ನಗುತ್ತಾ ಹೇಳಿದರೂ ಅದು ಹಾಗೆಯೇ.

ಮೂರನೆಯ ಉತ್ತರವೊಂದಿದೆ, ಅದು ನಮ್ಮಂಥವರ ಬಾಯಿಂದ ಬರಲಿ ಎಂದು ಹಲವರು ನಿರೀಕ್ಷಿಸುತ್ತಾರೆ. ನಾಮ ರೂಪಗಳು ದೇಹಕ್ಕೆ ಸೇರಿದವು, ಆತ್ಮಕ್ಕೆ ಯಾವ ಹೆಸರೂ ಇಲ್ಲ, ಆದ್ದರಿಂದ ಯಾರು ಏನೆಂದು ಕರೆದರೂ ಕಲಕಬೇಡ, ಸಹಿಸು ಎಂಬುದು. ನಾವು ದೀಕ್ಷೆಯಂದು ತಂದೆತಾಯಿ ಇಟ್ಟ ಹೆಸರನ್ನು ಬಿಟ್ಟವರು. ಪೂರ್ವಾಶ್ರಮದ ಹೆಸರಿನಿಂದ ಯಾರಾದರೂ ಕೂಗಿದರೆ ಇಂದು ತಿರುಗಿ ನೋಡುವ ಅಭ್ಯಾಸವೂ ತಪ್ಪಿದೆ. ಆದುದರಿಂದಲೇ ಈ ಮಾತನ್ನು ಬಲ್ಲೆವು: ಬಿಡುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ಹೆಸರನ್ನು ಬಿಡಬೇಕಾದರೆ ಮೊದಲು ಅದು ನಮ್ಮದಾಗಿರಬೇಕು. ಸೈರಣೆ ಎಂಬುದು ನೊಂದವನು ತಾನಾಗಿ ತೊಡುವ ಆಭರಣ; ಪಕ್ಕದಲ್ಲಿ ನಿಂತವನು ಅದನ್ನು ನೊಂದವನ ಕೊರಳಿಗೆ ಕಟ್ಟಿದರೆ ಅದು ಹಗ್ಗವಾಗುತ್ತದೆ. ಒಂಬತ್ತು ವರ್ಷದ ಮಗುವಿಗೆ ಅದ್ವೈತವನ್ನು ಹೇಳಿ ಬಾಯಿ ಮುಚ್ಚಿಸುವುದು ಧರ್ಮವಲ್ಲ. ಶಾಲೆಯ ಉಪಾಧ್ಯಾಯರಿಗೆ ಹೇಳಿ ಎಂದೆವು. ಹೇಳುವುದು ದ್ವೇಷವಲ್ಲ. ಜೊತೆಗೆ, ಹಾಗೆಂದ ಹುಡುಗನಿಗೆ ತನ್ನ ಹೆಸರನ್ನು ಹೇಳಿ ಅವನ ಹೆಸರನ್ನು ಕೇಳಲು ಆ ಮಗುವಿಗೆ ಕಲಿಸಿ ಎಂದೆವು. ಅವನು ಹೇಳದಿರಬಹುದು. ಕೇಳಿದ್ದಂತೂ ಆಗುತ್ತದೆ. ಆ ಪದ ಪಾಕಿಸ್ತಾನದ ಮಗುವಿಗೂ ಸಲ್ಲದೆಂಬುದನ್ನು ಮೊದಲು ನೀವು ಒಪ್ಪಿ ಅವಳಿಗೆ ಹೇಳಿ ಎಂದೂ ಸೇರಿಸಿದೆವು.

ಇಷ್ಟಕ್ಕೇ ಮುಗಿಸಿದರೆ ಪರದೇಶದವರನ್ನು ದೂರಿದ ಸಮಾಧಾನದಿಂದ ನೀವು ಪುಟ ತಿರುವಿಬಿಡುತ್ತೀರಿ. ನಮ್ಮ ಬಾಯಲ್ಲಿರುವ ಪದಗಳನ್ನೂ ಎಣಿಸೋಣ. ಕೆಲಿಂಗ್ ಪದ ಕಳಿಂಗದಿಂದ ಬಂದಂತೆ, ತಮಿಳರನ್ನು ಆಡಿಕೊಳ್ಳುವ ನಮ್ಮ 'ಕೊಂಗ' ಎಂಬ ಮಾತು ಕೊಂಗುನಾಡಿನಿಂದ ಬಂದದ್ದು. ರಾತ್ರಿಕಾವಲಿನವನು ಯಾವ ಬೆಟ್ಟದಿಂದ ಬಂದಿರಲಿ ನಮಗೆ ಗೂರ್ಖಾ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬರುವ ಉತ್ತರದ ಯಾತ್ರಿಕರೆಲ್ಲ ಅಂಗಡಿಬೀದಿಗೆ ಸೇಟುಗಳು. (ಅದೇ ಬೆಟ್ಟದ ಮೇಲೆ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಮೂರು ಭಾಷೆಗಳಲ್ಲಿ ಶಾಸನಗಳಿವೆ, ಬರುವವನ ಭಾಷೆಯನ್ನು ಕಲ್ಲಿನಲ್ಲಿ ಕೊರೆಯಿಸಿದ ಜನ ನಮ್ಮ ಹಿಂದಿನವರು.) ಹೆಸರು ತಿಳಿಯದವನನ್ನು ನಾವು ಆಸಾಮಿ ಎನ್ನುತ್ತೇವಲ್ಲ, ಆ ಪದ ಅರಬ್ಬಿಯಿಂದ ಬಂದದ್ದು, ಮೂಲದಲ್ಲಿ ಅದಕ್ಕೆ 'ಹೆಸರುಗಳು' ಎಂದೇ ಅರ್ಥ. ಸರ್ಕಾರಿ ಲೆಕ್ಕದ ಪಟ್ಟಿಯಲ್ಲಿದ್ದ ಹೆಸರುಗಳೇ ಕೊನೆಗೆ ಹೆಸರಿಲ್ಲದವನ ಹೆಸರಾದವು.

ಗಡಿ ದಾಟದೆಯೂ ಪರದೇಶಿಯಾಗಬಹುದೆಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಮುಗಿಯಿತು. ಅದರ ನಾಲೆಗಳ ನೀರು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಬಯಲಿಗೆ ಹರಿಯಿತು. ನಿಂತ ನೀರಿನಡಿ ಊರುಗಳು ಹೋದವು. ಮನೆ, ಗದ್ದೆ, ಹಿರಿಯರ ಗದ್ದುಗೆಗಳನ್ನು ಬಿಟ್ಟು ಜನ ಬೇರೆ ಬೇರೆ ಕಡೆ ನೆಲೆನಿಂತರು. ಹೊಸ ಊರು ಅವರಿಗೆ ಕೊಟ್ಟ ಹೆಸರು 'ಮುಳುಗಡೆಯವರು'. ಅವರ ಮಕ್ಕಳೂ ಮುಳುಗಡೆಯವರೇ. ನೀರು ನೋಡದೆ ಹುಟ್ಟಿದ ಮೊಮ್ಮಕ್ಕಳೂ. ಅದೇ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು ಕಡಲಾಚೆ ಸುತ್ತಿಬಂದು ಬರೆದ 'ಅಮೆರಿಕಾದಲ್ಲಿ ಗೊರೂರು' ಎಂಬ ಪುಸ್ತಕಕ್ಕೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಊರಿನ ಹೆಸರನ್ನೇ ತಮ್ಮ ಹೆಸರಾಗಿ ಹೊತ್ತು ಅಮೆರಿಕಾ ಸುತ್ತುವ ಭಾಗ್ಯ ಅವರದಾಯಿತು. ಆ ಊರಿನ ಮೇಲ್ಗಡೆಯ ಹೊಳೆಯಂಚಿನವರಿಗೆ ಇಪ್ಪತ್ತು ಮೈಲಿ ಆಚೆಗೂ ತಮ್ಮ ಊರಿನ ಹೆಸರನ್ನು ಒಯ್ಯಲಾಗಲಿಲ್ಲ. ಅವರು ಬಿಟ್ಟುಕೊಟ್ಟ ನೆಲದಿಂದ ನೀರುಂಡವರೇ ಅವರಿಗೆ ಈ ಹೆಸರನ್ನಿಟ್ಟರೆಂಬುದು ನಮಗೆ ಬಹಳ ದಿನಗಳಿಂದ ಕೊರೆಯುತ್ತಿರುವ ಸಂಗತಿ.

ಬಸವಣ್ಣನವರ ವಚನಗಳಲ್ಲಿ ನಿಮಗೆಲ್ಲ ಕಂಠಪಾಠವಾಗಿರುವ ಒಂದಿದೆ. ಜನ ತನ್ನನ್ನು ಹೊರಗಿನವನೆಂದು ವಿಚಾರಿಸದೆ ಒಳಗಿನವನೆಂದು ಬಗೆಯುವಂತೆ ಮಾಡೆಂದು ದೇವರನ್ನು ಬೇಡುವ ವಚನ. ಸಭ್ಯ ಗೃಹಸ್ಥನು ಬಂದವರನ್ನು ಆದರಿಸಬೇಕೆಂಬ ಉಪದೇಶವಾಗಿ ನಾವು ಅದನ್ನು ಸಭೆಗಳಲ್ಲಿ ಹೇಳುತ್ತಾ ಬಂದಿದ್ದೇವೆ. ಆದರೆ ಸಾವಧಾನವಾಗಿ ನೋಡಿ, ಅಲ್ಲಿ ಬಸವಣ್ಣನವರು ಮನೆಯೊಳಗೆ ಕುಳಿತ ಯಜಮಾನನ ಜಾಗದಲ್ಲಿಲ್ಲ. ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಆ ದೊಡ್ಡ ಅಧಿಕಾರಿ ಹೊಸ್ತಿಲ ಹೊರಗೆ, ಕರೆಸಿಕೊಳ್ಳುವವನ ಜಾಗದಲ್ಲಿ ನಿಂತು ಬೇಡುತ್ತಿದ್ದಾರೆ. ಮಾದಾರ ಚೆನ್ನಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಮೊದಲಾದವರನ್ನು ಲೋಕವು ಕುಲದಿಂದ, ಕಸುಬಿನಿಂದ ಗುರುತಿಸುತ್ತಿತ್ತು. ಅನುಭವ ಮಂಟಪದಲ್ಲಿ ಆ ಗುರುತಿನ ಪಕ್ಕದಲ್ಲಿ ಅವರವರ ಹೆಸರೂ ಕುಳಿತಿತು. ಇತರ ಶರಣರು ತಮ್ಮ ಇಷ್ಟದೈವದ ಹೆಸರನ್ನು ವಚನದ ಅಂಕಿತವಾಗಿಸಿದರೆ ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ, ಅಂಬಿಗನೆಂಬ ಆ ಗುರುತಿನ ಸಮೇತ, ಅಂಕಿತವಾಗಿಸಿದರು. ಗುರುತು ಅವರ ಹೆಸರನ್ನು ನುಂಗಲಿಲ್ಲ.

ಈಗ ಹಾಸನ ಜಿಲ್ಲೆಯ ಕಾಫಿ ತೋಟಗಳಿಗೂ ಶುಂಠಿಯ ಹೊಲಗಳಿಗೂ ಅಸ್ಸಾಮು, ಬಂಗಾಳ, ಜಾರ್ಖಂಡ್ ಕಡೆಯಿಂದ ಆಳುಗಳು ಬರುತ್ತಿದ್ದಾರೆ. ಕೂಲಿಗೆಂದೇ ಬರುತ್ತಾರೆ, ಟ್ರೂರೊ ಹಡಗಿನಲ್ಲಿ ಹೋದವರಂತೆ. ಮೂರು ರಾಜ್ಯಗಳ ಜನರಿಗೂ ನಾವಿಟ್ಟ ಹೆಸರು ಒಂದೇ: ಅಸ್ಸಾಮಿಗಳು, ಇಲ್ಲವೆ ಹಿಂದಿಯವರು. ೨೦೧೨ರ ಆಗಸ್ಟಿನಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ನೆರೆದು ಊರ ಕಡೆ ಹೊರಟರು. ಮುಖ ನೋಡಿ ಹೆಸರಿಡುವ ನಾಡಿನಲ್ಲಿ ಮುಖ ಹೊತ್ತವರಿಗೆ ಭಯವಾಗುವುದು ಸಹಜ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ತೋಟದ ಮಾಲೀಕರು ಹಲವರಿದ್ದೀರಿ. ನಿಮ್ಮ ಹಾಜರಿ ಪುಸ್ತಕಗಳನ್ನು ನೋಡಿದ್ದೇವೆ. ಊರಿನ ಆಳುಗಳ ಹೆಸರು ಒಂದೊಂದು ಸಾಲಿನಲ್ಲಿರುತ್ತದೆ, ಹೊರಗಿನವರದು 'ಅಸ್ಸಾಂ, ೧೪ ಜನ' ಎಂದು ಒಂದೇ ಸಾಲು. ಗುತ್ತಿಗೆದಾರನಿಗೆ ಹಣ ಕೊಡಲು ಅಷ್ಟು ಸಾಕಾಗುತ್ತದೆ. ಈ ಸುಗ್ಗಿಯಲ್ಲಿ ಹದಿನಾಲ್ಕು ಸಾಲುಗಳನ್ನು ಬರೆಯಿರಿ. ಉಚ್ಚಾರಣೆ ತೊಡಕಾದರೆ ಎರಡನೆಯ ಸಲ ಕೇಳಿರಿ. ಜಾತ್ರೆಯ ದಾಸೋಹಕ್ಕೆ ಅವರನ್ನು ಕಳುಹಿಸುವಾಗ ಆ ಪಟ್ಟಿಯನ್ನೂ ಜೊತೆಗೆ ಕಳುಹಿಸಿದರೆ ಬಡಿಸುವ ಹುಡುಗರಿಗೆ ಹೆಸರು ಹಿಡಿದು ಕರೆಯಲು ಹೇಳಿರುತ್ತೇವೆ.